ಸೊರೆಂಟೊ ಪಟ್ಟಣದ ಹಾಡುಗಳು ಮತ್ತು ಸಂಗೀತ ಸ್ಮರಣಿಕೆಗಳು

ಸೊರೆಂಟೊ ದಕ್ಷಿಣ ಇಟಲಿಯ ಕಂಪಾನಿಯಾ ಪ್ರಾಂತ್ಯದಲ್ಲಿ, ನೇಪಲ್ಸ್ ಕೊಲ್ಲಿಯ ದಂಡೆಯಲ್ಲಿರುವ ಕಡಲತೀರದ ಪಟ್ಟಣ. ಹಾಡಿನಿಂದ ನಾವಿಕರನ್ನು ಸೆಳೆಯುತ್ತಿದ್ದ ಸೈರನ್‌ಗಳೆಂಬ ಪೌರಾಣಿಕ ಜೀವಿಗಳೊಂದಿಗೆ ಈ ಊರಿನ ಹೆಸರನ್ನು ಜೋಡಿಸುವ ಪರಂಪರೆಯಿದೆ. ಊರನ್ನು ಕುರಿತ ಎರಡು ಹಾಡುಗಳು ಧ್ವನಿಮುದ್ರಣಗಳ ಮೂಲಕ ವಿಶ್ವಪ್ರಸಿದ್ಧವಾಗಿವೆ.

ತೊರ್ನಾ ಆ ಸುರ್ರಿಯೆಂತೊ

'ಸೊರೆಂಟೊಗೆ ಮರಳಿ ಬಾ' ಎಂಬ ಅರ್ಥದ ಈ ನೇಪಲ್ಸ್ ಭಾಷೆಯ ಹಾಡಿಗೆ ಎರ್ನೆಸ್ಟೊ ಡಿ ಕರ್ಟಿಸ್ ಸಂಗೀತ ನೀಡಿದರು. ಸಾಹಿತ್ಯ ಅವರ ಸಹೋದರ ಜಾಂಬಟಿಸ್ಟಾ ಅವರದು. 1902ರಲ್ಲಿ ಪ್ರಧಾನಿ ಜುಸೆಪ್ಪೆ ಜನಾರ್ಡೆಲ್ಲಿ ಪಟ್ಟಣಕ್ಕೆ ಬಂದಾಗ, ಅಂಚೆ ಕಚೇರಿ ಕಟ್ಟಿಸಿಕೊಡುವ ಭರವಸೆಯನ್ನು ನೆನಪಿಸಲು ಇದನ್ನು ರಚಿಸಲಾಯಿತೆಂಬ ಕಥೆ ಪ್ರಚಲಿತವಾಗಿದೆ. ಆದರೆ ಹಾಡು ಅದಕ್ಕೂ ಮೊದಲೇ ರಚಿತವಾಗಿದ್ದು, ಆ ಭೇಟಿಗಾಗಿ ಸಾಹಿತ್ಯವನ್ನಷ್ಟೇ ಬದಲಿಸಲಾಯಿತೆಂಬ ಅಭಿಪ್ರಾಯವೂ ಇದೆ. ಹಾಡಿನ ವಸ್ತು ಅಂಚೆ ಕಚೇರಿಯಲ್ಲ. ಊರಿನ ಚೆಲುವು ಮತ್ತು ಅಗಲಿಕೆಯ ನೋವು. 1961ರಲ್ಲಿ ಎಲ್ವಿಸ್ ಪ್ರೀಸ್ಲಿ ಅವರ 'ಸರೆಂಡರ್' ಇದೇ ರಾಗವನ್ನು ಆಧರಿಸಿ ಬಿಡುಗಡೆಯಾಯಿತು.

ಕರೂಸೊ

ಒಪೆರಾ ಗಾಯಕ ಎನ್ರಿಕೊ ಕರೂಸೊ 1921ರ ಬೇಸಿಗೆಯಲ್ಲಿ ಅನಾರೋಗ್ಯದಿಂದ ಸೊರೆಂಟೊದ ಹೋಟೆಲೊಂದರಲ್ಲಿ ತಂಗಿದ್ದರು. ಆಗಸ್ಟ್ 2ರಂದು ನೇಪಲ್ಸ್‌ನಲ್ಲಿ ನಿಧನರಾದರು. ಗಾಯಕ ಲೂಚಿಯೊ ದಲ್ಲಾ, ತಮ್ಮ ದೋಣಿ ಕೆಟ್ಟು ಅದೇ ಹೋಟೆಲಿನಲ್ಲಿ ಉಳಿದಾಗ, ಕರೂಸೊ ತಮ್ಮ ಯುವ ಶಿಷ್ಯೆಯನ್ನು ಪ್ರೀತಿಸಿದ್ದರೆಂಬ ಕಥೆಯನ್ನು ಕೇಳಿ 1986ರಲ್ಲಿ 'ಕರೂಸೊ' ಹಾಡನ್ನು ರಚಿಸಿದರು. ಆದರೆ ಕರೂಸೊ ಅವರ ಕೊನೆಯ ದಿನಗಳಲ್ಲಿ ಪತ್ನಿ ಡೊರೊಥಿ ಮತ್ತು ಪುಟ್ಟ ಮಗಳು ಗ್ಲೋರಿಯಾ ಜೊತೆಗಿದ್ದರು. ಹಾಡು ಜನಪ್ರಿಯವಾದಂತೆ ಶಿಷ್ಯೆಯ ಕಥೆಯೂ ವ್ಯಾಪಕವಾಗಿ ಹರಡಿತು. ಲುಚಿಯಾನೊ ಪವರಾಟಿ ಸಹ ಇದನ್ನು ಹಾಡಿದ್ದಾರೆ.

ಸಂಗೀತ ಪೆಟ್ಟಿಗೆಗಳು

ಬಣ್ಣಬಣ್ಣದ ಮರದ ತುಣುಕುಗಳನ್ನು ಜೋಡಿಸಿ ಚಿತ್ರ ರಚಿಸುವ ಕೆತ್ತುಗೂಡಿಕೆಯ ಕಲೆಗೆ ಸೊರೆಂಟೊ ಹೆಸರುವಾಸಿ. ಈ ಕಲೆಯಿಂದ ಅಲಂಕರಿಸಿದ ಸಂಗೀತ ಪೆಟ್ಟಿಗೆಗಳನ್ನು ಪ್ರವಾಸಿಗರು ನೆನಪಿನ ಕಾಣಿಕೆಯಾಗಿ ಕೊಳ್ಳುತ್ತಾರೆ. ಕೀಲಿ ಕೊಟ್ಟಾಗ ಮೊಳೆಗಳಿರುವ ಉರುಳೆ ತಿರುಗಿ, ಬಾಚಣಿಗೆಯಂತಹ ಉಕ್ಕಿನ ಹಲ್ಲುಗಳನ್ನು ಮೀಟಿ ಸ್ವರ ಹೊಮ್ಮಿಸುತ್ತದೆ. 'ತೊರ್ನಾ ಆ ಸುರ್ರಿಯೆಂತೊ' ಈ ಪೆಟ್ಟಿಗೆಗಳಲ್ಲಿ ಕೇಳಿಬರುವ ಪ್ರಸಿದ್ಧ ರಾಗಗಳಲ್ಲೊಂದು. ಉರುಳೆಯ ಒಂದು ಸುತ್ತಿಗೆ ಹಾಡಿನ ಸ್ವಲ್ಪ ಭಾಗ ಮಾತ್ರ ಹಿಡಿಸುತ್ತದೆ; ಹೀಗಾಗಿ ಸಾಹಿತ್ಯವಿಲ್ಲದ ಈ ಸ್ಮರಣಿಕೆಯಲ್ಲಿ ಊರಿನ ಗುರುತಾಗಿ ಉಳಿಯುವುದು ರಾಗವೊಂದೇ.