ಹುಣ್ಣಿನ ಮೇಲಿನ ಭಾರ: ಮಧುಮೇಹದ ಪಾದಚಿಕಿತ್ಸೆಯ ಚರಿತ್ರೆ ಮತ್ತು ವಯನಾಡು

ಮಧುಮೇಹಿಗಳ ಪಾದದ ಹುಣ್ಣಿಗೆ ಬರುತ್ತಿರುವ ಹೊಸ ಚಿಕಿತ್ಸೆಗಳ ಬಗ್ಗೆ ಮಾತಾಡಿ ಅಂತ ಕೇಳಿದ್ದೀರಿ. ನಾನು ಸ್ವಲ್ಪ ಹಿಂದಿನಿಂದ ಶುರುಮಾಡುತ್ತೇನೆ. ಯಾಕೆಂದರೆ ಈ ಚಿಕಿತ್ಸೆಯ ಮುಖ್ಯ ಪಾಠವೊಂದು ರೂಪುಗೊಂಡದ್ದು ಕುಷ್ಠರೋಗಿಗಳ ನಡುವೆ, ಅದೂ ನಮ್ಮ ದಕ್ಷಿಣ ಭಾರತದಲ್ಲಿ.

ಡಾ. ಪಾಲ್ ಬ್ರಾಂಡ್ 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಕುಷ್ಠರೋಗಿಯ ಮಾಂಸ ತಾನಾಗಿಯೇ ಕೊಳೆಯುತ್ತದೆ ಎಂಬ ನಂಬಿಕೆ ಆಗ ಬಲವಾಗಿತ್ತು. ಬ್ರಾಂಡ್ ಕಂಡ ಕಾರಣವೇ ಬೇರೆ. ನರ ಸತ್ತ ಪಾದಕ್ಕೆ ನೋವು ತಿಳಿಯುವುದಿಲ್ಲ. ಮನುಷ್ಯ ನಡೆಯುತ್ತಲೇ ಇರುತ್ತಾನೆ. ಅದೇ ಜಾಗಕ್ಕೆ ಭಾರ ಬಿದ್ದು ಬಿದ್ದು ಹುಣ್ಣಾಗುತ್ತದೆ. ಇಂಥ ಹುಣ್ಣಿಗೆ ಪ್ಲಾಸ್ಟರ್ ಹಾಕುವುದನ್ನು ಭಾರತ ಮತ್ತು ಸಿಲೋನಿನ ಕೆಲವು ವೈದ್ಯರು ಮೊದಲೇ ಮಾಡಿದ್ದರು. ಬ್ರಾಂಡ್ ಅದನ್ನು ಬೆಳೆಸಿದರು. 1960ರ ದಶಕದಲ್ಲಿ ಅವರು ಅಮೆರಿಕದ ಕಾರ್ವಿಲ್‌ಗೆ ಹೋದ ಮೇಲೆ ಈ ವಿಧಾನ ಮಧುಮೇಹಿಗಳ ಪಾದಕ್ಕೂ ಬಂತು.

ನೋಡಿ, ಇಲ್ಲಿ ಪ್ಲಾಸ್ಟರ್ ಮಾಡುವ ಕೆಲಸ ಏನು? ಕಾಲಿಗೆ ಅಂಟಿಕೊಂಡಂತೆ ಕೂತು, ಮೈಭಾರವನ್ನು ಇಡೀ ಪಾದಕ್ಕೂ ಮೊಣಕಾಲಿನ ಕೆಳಭಾಗಕ್ಕೂ ಹಂಚುತ್ತದೆ. ರೋಗಿ ನಡೆದಾಡುತ್ತಿದ್ದರೂ ಹುಣ್ಣು ಮಾಯುತ್ತದೆ. 1989ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಪ್ಲಾಸ್ಟರ್ ಹಾಕಿದ 21 ಹುಣ್ಣುಗಳಲ್ಲಿ 19 ಮಾಯ್ದವು. ಬರೀ ಡ್ರೆಸ್ಸಿಂಗ್ ಮಾಡಿದ 19ರಲ್ಲಿ ಮಾಯ್ದದ್ದು 6.

ಇನ್ನು ಹೊಸದಕ್ಕೆ ಬರೋಣ. 1997ರಲ್ಲಿ ಅಮೆರಿಕದಲ್ಲಿ ಬೆಕಾಪ್ಲರ್ಮಿನ್ ಎಂಬ ಜೆಲ್‌ಗೆ ಅನುಮತಿ ಸಿಕ್ಕಿತು. ಅದೇ ಸುಮಾರಿಗೆ ಗಾಯದ ದ್ರವ ಹೀರುವ ನಿರ್ವಾತ ಯಂತ್ರ ಬಂತು. ರಕ್ತ ಹರಿವೂ ಕಡಿಮೆಯಿದ್ದ ಪಾದಗಳ ಮೇಲೆ ನಡೆದ 2018ರ ಯೂರೋಪಿನ ಪ್ರಯೋಗದಲ್ಲಿ ಸುಕ್ರೋಸ್ ಆಕ್ಟಾಸಲ್ಫೇಟ್ ಡ್ರೆಸ್ಸಿಂಗ್‌ನಿಂದ 20 ವಾರಗಳಲ್ಲಿ ಶೇ. 48 ಮಂದಿಯ ಹುಣ್ಣು ಮುಚ್ಚಿತು. ಹೋಲಿಕೆಯ ಗುಂಪಿನಲ್ಲಿ ಶೇ. 30. ಲಾಭ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಅಂಗಾಲಿನ ಭಾರ ಇಳಿಸದೆ ಮೇಲೆ ಏನು ಹಚ್ಚಿದರೂ ಪ್ರಯೋಜನ ಅಷ್ಟಕ್ಕಷ್ಟೇ. ನರದ ದೋಷದಿಂದಾದ ಅಂಗಾಲಿನ ಹುಣ್ಣಿಗೆ 2023ರ ಅಂತರರಾಷ್ಟ್ರೀಯ ಮಾರ್ಗಸೂಚಿಯ ಮೊದಲ ಆಯ್ಕೆಯೂ ಮೊಣಕಾಲಿನವರೆಗಿನ, ರೋಗಿ ತಾನೇ ಬಿಚ್ಚಲಾಗದ ಇಂಥ ಸಾಧನವೇ.

ಈಗ ವಯನಾಡಿಗೆ ಬನ್ನಿ. ಪುಲ್ಪಳ್ಳಿ, ಮಾನಂದವಾಡಿ ಕಡೆಯ ಕೂಲಿಯವರು ಕಾಫಿ ತೋಟದಲ್ಲಿ, ಬಾವಲಿ ದಾಟಿದರೆ ಎಚ್.ಡಿ. ಕೋಟೆಯ ಶುಂಠಿ ಹೊಲದಲ್ಲಿ ದುಡಿಯುತ್ತಾರೆ. ಅವರಿಗೆ "ಮೂರು ತಿಂಗಳು ಕಾಲೂರಬೇಡಿ" ಅಂದರೆ "ಮೂರು ತಿಂಗಳು ಉಣ್ಣಬೇಡಿ" ಅಂದ ಹಾಗೆ. ಮನೆಯೊಳಗೆ ಓಡಾಡುವಷ್ಟಾದರೂ ಬಿಡುವ ಚಿಕಿತ್ಸೆ ಅವರಿಗೆ ಬೇಕು. ಪ್ಲಾಸ್ಟರಿಗೂ ಮಿತಿ ಇದೆ: ಕೀವು ತೀವ್ರವಾಗಿದ್ದರೆ, ರಕ್ತ ಹರಿವು ತೀರಾ ಕಡಿಮೆಯಿದ್ದರೆ ಹಾಕಬಾರದು, ವಾರ ಎರಡು ವಾರಕ್ಕೊಮ್ಮೆ ಬದಲಿಸಬೇಕು. ಅದಕ್ಕಾಗಿ ಪ್ರತಿ ಸಲ ಚುರ ಇಳಿದು ಕೋಳಿಕ್ಕೋಡಿಗೋ ಕಾಡು ದಾಟಿ ಮೈಸೂರಿಗೋ ಹೋಗು ಅಂದರೆ ಯಾರು ಹೋದಾರು?

ಹಾಗಾಗಿ ನನ್ನ ವಾದ ಇಷ್ಟೇ: ದುಬಾರಿ ಜೆಲ್ ಬರುವ ಮೊದಲು, ಪ್ಲಾಸ್ಟರ್ ಹಾಕಿ ಬಿಚ್ಚಲು ಕಲಿತ ಎರಡು ಕೈ ಹತ್ತಿರದ ಆಸ್ಪತ್ರೆಗೆ ಬರಬೇಕು. ಪ್ರಶ್ನೆಗಳಿದ್ದರೆ ಕೇಳಿ.