ಸೈಕಲ್ ಚೌಕಟ್ಟಿಗೆ ಬೆಲೆ ಕಟ್ಟುವುದು ಹೇಗೆ?

ಸೈಕಲ್ ಕೊಳ್ಳುವಾಗ ನಾವು ಸಾಮಾನ್ಯವಾಗಿ ನೋಡುವುದು ಚಕ್ರ, ಬ್ರೇಕು, ಸೀಟು, ಬಣ್ಣ ಇವುಗಳನ್ನು. ಇವೆಲ್ಲವನ್ನೂ ಹೊತ್ತು ನಿಂತಿರುವ ಉಕ್ಕಿನ ಚೌಕಟ್ಟು, ಅಂದರೆ ಫ್ರೇಮು, ಎಲ್ಲ ಸೈಕಲ್ಲಿಗೂ ಒಂದೇ ಎಂಬ ಭಾವನೆ ನಮ್ಮದು. ಇಂಗ್ಲೆಂಡಿನಲ್ಲಿ ಹಾಗಿರಲಿಲ್ಲ. ಅಲ್ಲಿ ಸುಮಾರು ನೂರು ವರ್ಷಗಳ ಕಾಲ ಎರಡು ಬಗೆಯ ಫ್ರೇಮುಗಳು ಅಕ್ಕಪಕ್ಕದಲ್ಲೇ ಬದುಕಿದವು. ಒಂದನ್ನು ಗಿರಾಕಿಯ ಕಾಲಿನ ಅಳತೆ ತೆಗೆದುಕೊಂಡು ಒಬ್ಬ ಕುಶಲಕರ್ಮಿ ಕೈಯಾರೆ ಬೆಸೆಯುತ್ತಿದ್ದ. ಇನ್ನೊಂದು ಕಾರ್ಖಾನೆಯಿಂದ ಸಾವಿರಗಟ್ಟಲೆ ಹೊರಬೀಳುತ್ತಿತ್ತು. ಬೆಲೆಯಲ್ಲಿ ಹಲವು ಪಟ್ಟು ಅಂತರ. ಹೆಚ್ಚು ಹಣ ಕೊಟ್ಟವನಿಗೆ ದಕ್ಕಿದ್ದೇನು ಎಂಬ ಪ್ರಶ್ನೆಗೆ ಉತ್ತರ ನಾವು ಊಹಿಸುವಷ್ಟು ಸರಳವಾಗಿಲ್ಲ.

ವಿಜ್ಞಾನ ಓದಿದವನಾದ್ದರಿಂದ ಲೋಹದಿಂದಲೇ ಆರಂಭಿಸುತ್ತೇನೆ. ಸಾದಾ ಉಕ್ಕಾಗಲಿ, ದುಬಾರಿ ಮಿಶ್ರ ಉಕ್ಕಾಗಲಿ, ಎರಡರ ಬಿಗಿತನವೂ ಹೆಚ್ಚುಕಡಿಮೆ ಒಂದೇ. ಒಂದೇ ಗಾತ್ರದ, ಒಂದೇ ದಪ್ಪದ ಎರಡು ಕೊಳವೆಗಳ ಮೇಲೆ ಒಂದೇ ಭಾರ ಹೇರಿದರೆ ಎರಡೂ ಒಂದೇ ಪ್ರಮಾಣದಲ್ಲಿ ಬಳುಕುತ್ತವೆ. ವ್ಯತ್ಯಾಸವಿರುವುದು ಬಲದಲ್ಲಿ. ಮಿಶ್ರ ಉಕ್ಕು ಹೆಚ್ಚು ಪೆಟ್ಟು ತಡೆಯುತ್ತದೆ. ಆದ್ದರಿಂದ ಅದರ ಕೊಳವೆಯನ್ನು ತೆಳುವಾಗಿ ಮಾಡಬಹುದು. ತೂಕ ಉಳಿಯುವುದು ಅಲ್ಲಿ.

ಬರ್ಮಿಂಗ್‌ಹ್ಯಾಮಿನ ರೆನಾಲ್ಡ್ಸ್ ಮನೆತನದವರು ಮೂಲತಃ ಮೊಳೆ ತಯಾರಕರು. ಕೊಳವೆಗಳು ಸೇರುವ ಕೀಲಿನಲ್ಲೇ ಒತ್ತಡ ಹೆಚ್ಚು, ನಡುವೆ ಕಡಿಮೆ. ಹಾಗಾದರೆ ಕೊಳವೆಯ ತುದಿಗಳನ್ನು ಮಾತ್ರ ದಪ್ಪವಾಗಿಟ್ಟು ನಡುಭಾಗವನ್ನು ತೆಳುವಾಗಿಸಿದರೇನು? ಈ ಉಪಾಯಕ್ಕೆ ಆಲ್‌ಫ್ರೆಡ್ ರೆನಾಲ್ಡ್ಸ್ 1897ರಲ್ಲಿ ಪೇಟೆಂಟ್ ಪಡೆದರು. 1935ರಲ್ಲಿ ಅದೇ ಸಂಸ್ಥೆ ಮ್ಯಾಂಗನೀಸ್ ಮತ್ತು ಮಾಲಿಬ್ಡಿನಮ್ ಬೆರೆಸಿದ ‘531’ ಎಂಬ ಕೊಳವೆಯನ್ನು ಮಾರುಕಟ್ಟೆಗೆ ತಂದಿತು. ಅದರ ಗೋಡೆ ನಡುಭಾಗದಲ್ಲಿ ಅರ್ಧ ಮಿಲಿಮೀಟರಿನಷ್ಟು ತೆಳುವಾಗಿರಬಹುದಿತ್ತು. ಮುಂದಿನ ಹಲವು ದಶಕ ಒಳ್ಳೆಯ ಫ್ರೇಮು ಎಂದರೆ ಈ ಮೂರು ಅಂಕೆಗಳ ಚೀಟಿ ಅಂಟಿಸಿದ ಫ್ರೇಮು ಎಂದೇ ಅಲ್ಲಿನ ಸವಾರರು ತಿಳಿದಿದ್ದರು.

ಆದರೆ ಬೆಲೆಯ ಬಹುಪಾಲು ಉಕ್ಕಿಗೆ ಸಂದದ್ದಲ್ಲ, ಗಂಟೆಗಳಿಗೆ ಸಂದದ್ದು. ಒಂದು ಕೊಳವೆಯ ತುದಿ ಇನ್ನೊಂದರ ದುಂಡಿಗೆ ಸಂದಿಲ್ಲದೆ ಕೂರುವಂತೆ ಅರ ಹಾಕಿ ಉಜ್ಜಬೇಕು. ಕೀಲಿಗೆ ತೊಡಿಸುವ ‘ಲಗ್’ ಎಂಬ ಉಕ್ಕಿನ ತೊಡಪನ್ನು ಅಂಚಿನಲ್ಲಿ ತೆಳುಗೊಳಿಸಬೇಕು. ಆಮೇಲೆ ಬೆಂಕಿಯ ಕೆಲಸ. ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದ ಹಿತ್ತಾಳೆ, ದೀಪದ ಬತ್ತಿಗೆ ಎಣ್ಣೆ ಏರುವ ಹಾಗೆ, ಲಗ್ಗಿಗೂ ಕೊಳವೆಗೂ ನಡುವಿನ ಸಣ್ಣ ಸಂದಿಯೊಳಕ್ಕೆ ತಾನಾಗಿಯೇ ಹರಿಯುತ್ತದೆ. ಶಾಖ ಕಡಿಮೆಯಾದರೆ ಹಿತ್ತಾಳೆ ಹರಿಯದು. ಹೆಚ್ಚಾದರೆ ತೆಳುಕೊಳವೆ ತನ್ನ ಬಲ ಕಳೆದುಕೊಳ್ಳುತ್ತದೆ. ಕೆಂಪಿನ ಛಾಯೆ ನೋಡಿ ಶಾಖ ಅಂದಾಜು ಮಾಡುವ ಕಣ್ಣು ವರ್ಷಗಟ್ಟಲೆ ಪಳಗಿರಬೇಕು.

ಇಲ್ಲೊಂದು ತೊಡಕಿದೆ. ಈ ಕೆಲಸ ಚೆನ್ನಾಗಿದೆಯೋ ಇಲ್ಲವೋ ಎಂಬುದು ಬಣ್ಣ ಬಳಿದ ಮೇಲೆ ಕೊಳ್ಳುವವನಿಗೆ ಕಾಣುವುದೇ ಇಲ್ಲ. ಕಾಣದ ಗುಣಕ್ಕೆ ಹೆಚ್ಚು ಹಣ ಕೇಳುವುದು ಹೇಗೆ? ಲಂಡನ್ನಿನ ಹೆಚಿನ್ಸ್ ಸಂಸ್ಥೆ ಲಗ್ಗುಗಳನ್ನೇ ಬಳ್ಳಿಯಂತೆ ಕೊರೆದು ಅಲಂಕರಿಸಿತು. ಹಿಂದಿನ ಚಕ್ರವನ್ನು ಹಿಡಿಯುವ ಕೊಳವೆಗಳನ್ನು ಅಲೆಯಂತೆ ಬಾಗಿಸಿತು. ಇದರಿಂದ ಓಟ ಸುಧಾರಿಸುತ್ತದೆ ಎಂಬ ಮಾತನ್ನು ನಾನು ಒಪ್ಪಲಾರೆ. ಆದರೆ ದೂರದಿಂದ ನೋಡಿದರೂ ಇದು ಯಾರ ಕೈಕೆಲಸ ಎಂದು ತಿಳಿಯುತ್ತಿತ್ತು, ವ್ಯಾಪಾರಕ್ಕೆ ಅಷ್ಟು ಸಾಕಿತ್ತು.

ಇನ್ನು ಕಾರ್ಖಾನೆಯ ಕಡೆಗೆ ಬನ್ನಿ. 1891ರಲ್ಲಿ ಬೋರ್ಡೊ-ಪ್ಯಾರಿಸ್ ನಡುವಿನ ಮೊದಲ ಸೈಕಲ್ ಸ್ಪರ್ಧೆ ಗೆದ್ದ ಜಿ. ಪಿ. ಮಿಲ್ಸ್ ಮುಂದೆ ನಾಟಿಂಗ್‌ಹ್ಯಾಮಿನ ರ‍್ಯಾಲಿ ಕಂಪನಿಯ ವಿನ್ಯಾಸಕಾರರಾದರು. ಎರಕದ ಲಗ್ಗನ್ನು ಒಂದೊಂದಾಗಿ ಕಡೆಯುವ ಬದಲು ಉಕ್ಕಿನ ತಗಡನ್ನು ಅಚ್ಚಿನಲ್ಲಿ ಒತ್ತಿ ತಯಾರಿಸುವ ಕ್ರಮವನ್ನು ರ‍್ಯಾಲಿ ಅಳವಡಿಸಿಕೊಂಡಿತು. ನಮ್ಮ ಊರುಗಳಲ್ಲೂ ಹಿರಿಯರು ಓದಿರುವ ‘ದಿ ಆಲ್ ಸ್ಟೀಲ್ ಬೈಸಿಕಲ್’ ಎಂಬ ಜಾಹೀರಾತು ಮಾತಿನ ಹಿನ್ನೆಲೆ ಇದು. ಕೀಲನ್ನು ಕರಗಿದ ಹಿತ್ತಾಳೆಯಲ್ಲಿ ಅದ್ದಿ ತೆಗೆಯುವ ವಿಧಾನವೂ ಕಾರ್ಖಾನೆಗಳಿಗೆ ಬಂತು. ದಪ್ಪ ಗೋಡೆಯ ಸಾದಾ ಉಕ್ಕು ಹೆಚ್ಚು ಶಾಖವನ್ನು ಸಹಿಸಿಕೊಳ್ಳುತ್ತಿದ್ದುದರಿಂದ ಪಳಗಿದ ಕಣ್ಣಿನ ಅಗತ್ಯ ಕಡಿಮೆಯಾಯಿತು. 1950ರ ದಶಕದ ಆರಂಭದಲ್ಲಿ ರ‍್ಯಾಲಿ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಸೈಕಲ್ ತಯಾರಿಸುತ್ತಿತ್ತು.

ಅಲ್ಲಿನ ದುಡಿಮೆಯ ಲೆಕ್ಕ ತಿಳಿಯಬೇಕಾದರೆ ಅಲನ್ ಸಿಲ್ಲಿಟೋ ಅವರ ‘ಸ್ಯಾಟರ್ಡೇ ನೈಟ್ ಅಂಡ್ ಸಂಡೇ ಮಾರ್ನಿಂಗ್’ ಕಾದಂಬರಿ ಓದಬೇಕು. 1958ರಲ್ಲಿ ಪ್ರಕಟವಾದ ಕೃತಿ ಅದು. ಲೇಖಕರು ಸ್ವತಃ ರ‍್ಯಾಲಿಯಲ್ಲಿ ದುಡಿದವರು. ಕಥಾನಾಯಕ ಸೈಕಲ್ ಕಾರ್ಖಾನೆಯ ಲೇತ್ ಮುಂದೆ ನಿಂತು, ನೂರು ಬಿಡಿಭಾಗಕ್ಕೆ ಇಷ್ಟು ಎಂಬ ದರದಲ್ಲಿ ಕೂಲಿ ಎಣಿಸುತ್ತಾನೆ. ವೇಗ ಹೆಚ್ಚಿಸಿದರೆ ಮೇಲಿನವರು ದರ ಇಳಿಸುತ್ತಾರೆಂದು ಅವನಿಗೆ ಗೊತ್ತು. 1960ರ ಚಲನಚಿತ್ರದ ದೃಶ್ಯಗಳನ್ನು ರ‍್ಯಾಲಿ ಕಾರ್ಖಾನೆಯೊಳಗೇ ಚಿತ್ರಿಸಿದರು. ಯಂತ್ರಗಳ ಸದ್ದು ಕೇಳಲಿಕ್ಕಾದರೂ ಅದನ್ನು ನೋಡಬೇಕು.

ಈ ವೇಗದ ಫಲ ಯಾರಿಗೆ ಸಿಕ್ಕಿತು? 1930ರ ದಶಕದಲ್ಲಿ ಬರ್ಮಿಂಗ್‌ಹ್ಯಾಮಿನ ಹರ್ಕ್ಯುಲಿಸ್ ಕಂಪನಿಯ ಸಾದಾ ಸೈಕಲ್ ನಾಲ್ಕು ಪೌಂಡಿನೊಳಗೆ ಸಿಗುತ್ತಿತ್ತು. ಆಗ ಕಾರ್ಮಿಕನ ವಾರದ ಕೂಲಿ ಸುಮಾರು ಮೂರು ಪೌಂಡು. ಎರಡು ವಾರ ದುಡಿದರೆ ಸೈಕಲ್! ಹೆಸರಾಂತ ಕುಶಲಕರ್ಮಿಯ ಕೈಯ ಸೈಕಲ್ಲಿಗೆ ಅದರ ಮೂರು ನಾಲ್ಕು ಪಟ್ಟು. ಅದನ್ನು ಕೊಂಡವರು ಶ್ರೀಮಂತರೆಂದು ತಿಳಿಯಬೇಡಿ. ಎಷ್ಟೋ ಮಂದಿ ವಾರವೆಲ್ಲ ದುಡಿದು ಭಾನುವಾರ ಕ್ಲಬ್ಬಿನ ಗೆಳೆಯರೊಡನೆ ನೂರು ಮೈಲಿ ತುಳಿಯುತ್ತಿದ್ದ ಸಾಮಾನ್ಯ ನೌಕರರು. ಕಂತಿನಲ್ಲಿ ಹಣ ತೀರಿಸುತ್ತಿದ್ದರು.

ತಯಾರಕರಾದರೂ ಸುಖವಾಗಿದ್ದರೇ? ಲಂಡನ್ನಿನ ಕ್ಲಾಡ್ ಬಟ್ಲರ್ ತಮ್ಮ ಕಾಲದ ಅತಿ ಪ್ರಸಿದ್ಧ ಫ್ರೇಮು ತಯಾರಕರು. 1950ರ ದಶಕದ ಉತ್ತರಾರ್ಧದಲ್ಲಿ ಅವರ ಉದ್ಯಮ ಕುಸಿದು ಹೆಸರು ಮಾತ್ರ ಬೇರೊಂದು ಕಂಪನಿಗೆ ಮಾರಾಟವಾಯಿತು. ಕಾರು, ಸ್ಕೂಟರುಗಳ ಪೈಪೋಟಿ ಒಂದು ಕಡೆ. ಇನ್ನೊಂದು ಕಡೆ, ಪಕ್ಕದ ಅಂಗಡಿಯ ಕಾರ್ಖಾನೆ ಸೈಕಲ್ಲಿನ ಬೆಲೆಯೇ ಕೈಕೆಲಸಕ್ಕೊಂದು ಮಿತಿ ಹಾಕುತ್ತಿತ್ತು. ನಿಜವಾಗಿ ಹಿಡಿದ ಗಂಟೆಗಳಷ್ಟಕ್ಕೂ ಕೂಲಿ ಸೇರಿಸಿದರೆ ಕೊಳ್ಳುವವರೇ ಇರುತ್ತಿರಲಿಲ್ಲ. ದುಬಾರಿ ಎನಿಸಿಕೊಂಡ ಫ್ರೇಮು ಎಷ್ಟೋ ಸಲ ಅಗ್ಗವಾಗಿಯೇ ಮಾರಾಟವಾಗಿದೆ ಎಂದು ನನ್ನ ಅಭಿಪ್ರಾಯ.

ಹಾಗೆಂದು ಕಾರ್ಖಾನೆಯದು ಕೀಳೆಂದಲ್ಲ. ಹದಿನೆಂಟು ಇಪ್ಪತ್ತು ಕಿಲೋ ತೂಗುವ ಸಾದಾ ಸೈಕಲ್ಲಿನ ಮುಂಭಾಗ ಹೆಚ್ಚು ಓರೆಯಾಗಿರುತ್ತದೆ, ಚಕ್ರಗಳ ನಡುವೆ ಅಂತರ ಹೆಚ್ಚು. ಕಲ್ಲುಮಣ್ಣಿನ ದಾರಿಯ ಕುಲುಕನ್ನು ಅದು ನುಂಗುತ್ತದೆ. ಹಿಂದೆ ಅಕ್ಕಿ ಮೂಟೆ, ಎರಡು ಕಡೆ ಹಾಲಿನ ಕ್ಯಾನು, ಬಾರಿನ ಮೇಲೆ ಮಗು, ಇಷ್ಟನ್ನು ಹೊರುವ ಕೆಲಸಕ್ಕೆ ತೆಳುಗೋಡೆಯ 531 ಹುಟ್ಟಿದ್ದಲ್ಲ. ನಮ್ಮ ದೇಶಕ್ಕೆ ಬೇಕಾದದ್ದು ಈ ಮೊದಲನೆಯದೇ. ಹರ್ಕ್ಯುಲಿಸ್ ಹೆಸರು 1949ರಲ್ಲಿ ಮದರಾಸಿನ ಅಂಬತ್ತೂರಿನಲ್ಲಿ ಆರಂಭವಾದ ಟಿ.ಐ. ಸೈಕಲ್ಸ್ ಮೂಲಕ, ರ‍್ಯಾಲಿ ಹೆಸರು ಆಸನ್‌ಸೋಲಿನ ಸೆನ್-ರ‍್ಯಾಲಿ ಮೂಲಕ ಇಲ್ಲಿ ನೆಲೆಯೂರಿದವು. ಇಪ್ಪತ್ತೆರಡು ಇಂಚು, ಇಪ್ಪತ್ತನಾಲ್ಕು ಇಂಚು ಎಂಬ ಎರಡು ಅಳತೆಗಳಲ್ಲೇ ನಾವೆಲ್ಲ ಹೊಂದಿಕೊಂಡೆವು. ಬಾರಿಗೆ ಕಾಲು ಎಟುಕದ ಹುಡುಗರು ಒಳಪೆಡಲ್ ತುಳಿದರು.

ಸ್ವಾರಸ್ಯವೆಂದರೆ ರ‍್ಯಾಲಿ ಕಂಪನಿಗೇ ಕೊನೆಗೆ ಕೈಕೆಲಸದ ಅಗತ್ಯ ಬಿತ್ತು. 1970ರ ದಶಕದಲ್ಲಿ ಇಲ್ಕೆಸ್ಟನ್ ಎಂಬ ಸಣ್ಣ ಊರಿನಲ್ಲಿ ಜೆರಾಲ್ಡ್ ಓ’ಡೊನೊವನ್ ಅವರ ನೇತೃತ್ವದಲ್ಲಿ ಬೆರಳೆಣಿಕೆಯ ಕೆಲಸಗಾರರ ಘಟಕವೊಂದನ್ನು ತೆರೆಯಿತು. ಅಲ್ಲಿ ಬಳಸಿದ ರೆನಾಲ್ಡ್ಸ್ ‘753’ ಕೊಳವೆ 531ಕ್ಕಿಂತಲೂ ತೆಳು. ಹಿತ್ತಾಳೆಯ ಶಾಖಕ್ಕೆ ತಾಳದೆಂದು ಕಡಿಮೆ ಶಾಖದಲ್ಲಿ ಕರಗುವ ಬೆಳ್ಳಿಯ ಬೆಸುಗೆಯನ್ನೇ ಹಾಕಬೇಕಿತ್ತು. ಪರೀಕ್ಷೆಯಲ್ಲಿ ತೇರ್ಗಡೆಯಾದ ಬೆಸುಗೆಗಾರರಿಗಷ್ಟೇ ರೆನಾಲ್ಡ್ಸ್ ಅದನ್ನು ಮಾರುತ್ತಿತ್ತು. 1980ರಲ್ಲಿ ಯೋಪ್ ಜೂಟೆಮೆಲ್ಕ್ ಟೂರ್ ದ ಫ್ರಾನ್ಸ್ ಗೆದ್ದದ್ದು ಟಿ.ಐ.-ರ‍್ಯಾಲಿ ತಂಡದ ಸವಾರರಾಗಿ. ಆ ಗೆಲುವಿನ ಹೆಸರು ಕಾರ್ಖಾನೆಯ ಸಾದಾ ಸೈಕಲ್ಲುಗಳನ್ನೂ ಮಾರಿಕೊಟ್ಟಿತು.

ಲಗ್ಗಿಲ್ಲದೆ ನೇರವಾಗಿ ಬೆಸೆಯುವ ಟಿಗ್ ವೆಲ್ಡಿಂಗ್ ಮತ್ತು ತೈವಾನಿನ ಕಾರ್ಖಾನೆಗಳು ಮುಂದೆ ಎಲ್ಲವನ್ನೂ ಬದಲಿಸಿದವು. ನಾಟಿಂಗ್‌ಹ್ಯಾಮಿನಲ್ಲಿ ಫ್ರೇಮು ತಯಾರಿಕೆ 1999ರಲ್ಲಿ ನಿಂತಿತು, 2002ರಲ್ಲಿ ಜೋಡಣೆಯೂ ನಿಂತಿತು. ಆ ಜಾಗದ ಒಂದು ಭಾಗದಲ್ಲಿ ಈಗ ವಿಶ್ವವಿದ್ಯಾನಿಲಯದ ಕಟ್ಟಡಗಳಿವೆ. ಲಕ್ಷಗಟ್ಟಲೆ ತಯಾರಿಸಿದ ಕಾರ್ಖಾನೆ ಹೋಯಿತು. ಅಳತೆ ತೆಗೆದು ಬೆಸೆಯುವ ಕೆಲವರು ಇಂದಿಗೂ ಇದ್ದಾರೆ, ಬರ್ಮಿಂಗ್‌ಹ್ಯಾಮಿನಲ್ಲಿ ರೆನಾಲ್ಡ್ಸ್ ಕೊಳವೆಯೂ ತಯಾರಾಗುತ್ತಿದೆ.

ನಿಮ್ಮ ಹಿತ್ತಲಿನಲ್ಲೋ ಅಟ್ಟದ ಮೇಲೋ ಹಳೆಯ ಸೈಕಲ್ಲೊಂದು ಇದ್ದರೆ, ಸೀಟಿನ ಕೆಳಗಿನ ಲಗ್ಗಿನ ಅಂಚನ್ನು ಒಮ್ಮೆ ನೋಡಿ. ಬಣ್ಣ ಸವೆದಿದ್ದರೆ ಉಕ್ಕಿಗೂ ಉಕ್ಕಿಗೂ ನಡುವೆ ಹಿತ್ತಾಳೆಯ ಸಣ್ಣ ಹಳದಿ ಗೆರೆ ಕಾಣುತ್ತದೆ.