ಸೋಡಾಬುಡ್ಡಿ ಕನ್ನಡಕದ ಕಾಲ

ಚಾಳೀಸಿಗೆ ಯಾರೂ ಹೆದರುತ್ತಿರಲಿಲ್ಲ. ನಲವತ್ತು ದಾಟಿದರೆ ಬರುವಂಥದ್ದು, ಹೆಸರೇ ಹಾಗೆ ಹೇಳುತ್ತದೆ. ಹಳ್ಳಿಯ ಹಿರಿಯರು ಹೆದರುತ್ತಿದ್ದದ್ದು ಕಣ್ಣಿನ ಪೊರೆಗೆ.

ಆ ಹೆದರಿಕೆಯನ್ನು ಕಡಿಮೆ ಮಾಡಿದವರಲ್ಲಿ ಬೀಳಗಿಯ ಡಾ. ಎಂ. ಸಿ. ಮೋದಿ ದೊಡ್ಡ ಹೆಸರು. 1940ರ ದಶಕದಿಂದಲೇ ಊರೂರಿಗೆ ಹೋಗಿ ಶಿಬಿರ ಹೂಡಿದರು. ತಿರುಪತಿಯಲ್ಲಿ ಒಂದೇ ದಿನ 833 ಕಣ್ಣಿನ ಶಸ್ತ್ರಚಿಕಿತ್ಸೆ ಮಾಡಿದ್ದು ಗಿನ್ನೆಸ್ ದಾಖಲೆ ಸೇರಿತು. ಆದರೆ ಶಿಬಿರದಿಂದ ಮನೆಗೆ ಮರಳಿದ ಅಜ್ಜ ಅಜ್ಜಿಯರ ಮುಂದಿನ ಬದುಕನ್ನು ಬರೆದಿಟ್ಟವರು ಕಡಿಮೆ.

ಆಗಿನ ಚಿಕಿತ್ಸೆಯಲ್ಲಿ ಮಸುಕಾದ ಮಸೂರವನ್ನೇ ಪೂರ್ತಿ ತೆಗೆಯುತ್ತಿದ್ದರು. ಅದರ ಕೆಲಸವನ್ನು ಹೊರಗಿನ ದಪ್ಪ ಗಾಜು ಮಾಡಬೇಕಿತ್ತು. ಅದೇ ಸೋಡಾಬುಡ್ಡಿ ಕನ್ನಡಕ. ಅದರೊಳಗಿಂದ ನೋಡಿದರೆ ಲೋಟ, ಮೆಟ್ಟಿಲು, ಮೊಮ್ಮಗಳ ಮುಖ ಎಲ್ಲವೂ ಸುಮಾರು ಕಾಲು ಪಾಲು ದೊಡ್ಡದಾಗಿ, ಹತ್ತಿರಕ್ಕೆ ಬಂದಂತೆ ಕಾಣುತ್ತಿದ್ದವು. ನೀರು ಬಗ್ಗಿಸಿದರೆ ಲೋಟದ ಈಚೆಗೇ ಬೀಳುತ್ತಿತ್ತು. ಗಾಜಿನ ಅಂಚಿನ ಸುತ್ತ ಏನೂ ಕಾಣದ ಒಂದು ಬಳೆಯಷ್ಟು ಜಾಗ. ಪಕ್ಕದಿಂದ ಬಂದ ಎಮ್ಮೆ ಥಟ್ಟನೆ ಕಣ್ಣೆದುರಿಗೆ ನೆಗೆದಂತಾಗುತ್ತಿತ್ತು. ಒಂದೇ ಕಣ್ಣಿನ ಪೊರೆ ತೆಗೆಸಿ ಇನ್ನೊಂದರಲ್ಲಿ ನೋಟ ಉಳಿದಿದ್ದರಂತೂ ಎರಡೂ ಚಿತ್ರಗಳು ಕೂಡುತ್ತಲೇ ಇರಲಿಲ್ಲ.

ಈ ಹೊಸ ಜಗತ್ತಿನ ಅಳತೆಯನ್ನು ಅವರು ತಾವೇ ಕಲಿತರು. ಲೋಟದೊಳಗೆ ಬೆರಳಿಟ್ಟು ನೀರು ಬಗ್ಗಿಸುವುದು, ಕೊಡ ತುಂಬಿದ್ದನ್ನು ಸದ್ದಿನಿಂದ ತಿಳಿಯುವುದು, ಹೊಸ್ತಿಲಲ್ಲಿ ಮೊದಲು ಕಾಲ ಹೆಬ್ಬೆರಳು ಊರುವುದು. ಕನ್ನಡಕ ಬಿದ್ದರೆ ಅದನ್ನು ಹುಡುಕಲೂ ಕಣ್ಣಿಲ್ಲವಾದ್ದರಿಂದ ದಾರ ಕಟ್ಟಿ ಕೊರಳಿಗೆ ಹಾಕಿಕೊಳ್ಳುತ್ತಿದ್ದರು. ಸೂಜಿಗೆ ದಾರ ಪೋಣಿಸುವ ಕೆಲಸ ಮಾತ್ರ ಮೊಮ್ಮಕ್ಕಳದು.

ಸಂತೆಯಲ್ಲಿ ನಾಣ್ಯಗಳೂ ನೆರವಾದವು. ಐದು ಪೈಸೆ ಚೌಕ, ಹತ್ತು ಪೈಸೆಗೆ ಅಲೆಯಲೆಯ ಅಂಚು, ಮೂರು ಪೈಸೆಗೆ ಆರು ಮೂಲೆ: ಎಲೆಅಡಿಕೆ ಚೀಲದೊಳಗೆ ಕೈಯಾಡಿಸಿದರೆ ಸಾಕು, ಲೆಕ್ಕ ಸಿಗುತ್ತಿತ್ತು. ಈಗಿನ ದುಂಡು ನಾಣ್ಯಗಳಲ್ಲಿ ಆ ಸುಖವಿಲ್ಲ.

ಕಣ್ಣೊಳಗೇ ಮಸೂರ ಕೂರಿಸುವ ವಿದ್ಯೆಯನ್ನು ಲಂಡನ್ನಿನ ಹೆರಾಲ್ಡ್ ರಿಡ್ಲಿ 1949ರಲ್ಲೇ ಮಾಡಿ ತೋರಿಸಿದ್ದರು. ನಮ್ಮ ಬಡವರ ಕಣ್ಣಿಗೆ ಅದು ತಲುಪಲು ದಶಕಗಳೇ ಹಿಡಿದವು. 1992ರಲ್ಲಿ ಮದುರೆಯ ಅರೋಲ್ಯಾಬ್ ಅಗ್ಗದ ಮಸೂರ ತಯಾರಿಸತೊಡಗಿದ ಮೇಲೆ ದಾರಿ ಸಲೀಸಾಯಿತು. ಸೋಡಾಬುಡ್ಡಿ ಮೆಲ್ಲಗೆ ಮರೆಯಾಯಿತು. ಗ್ಲಾಕೋಮಾದಿಂದಲೋ ಸಕ್ಕರೆ ಕಾಯಿಲೆಯಿಂದಲೋ ನೋಟ ಕಳೆದುಕೊಂಡವರಿಗೆ ಮಾತ್ರ ಮಸೂರ ಬದಲಿಸಿ ಆ ನೋಟವನ್ನು ಮರಳಿ ಕೊಡಲಾಗದು. ಅವರ ಮನೆಗಳಲ್ಲಿ ಇವತ್ತಿಗೂ ಕಾಫಿ ಲೋಟದ ಅಂಚಿನಲ್ಲಿ ಬೆರಳೊಂದು ಕಾದಿರುತ್ತದೆ.